ಅಮ್ಮನಿಗೆ ಸ್ಪ್ರಿಂಗ್ ಇರುವ ವಾಕಿಂಗ್ ಸ್ಟಿಕ್ ಬೇಕು, ಸಾವಿರ ರೂಪಾಯಿ ಒಳಗೆ ಯಾವುದು ತಗೊಳ್ಳಬಹುದು?

ಮಲೆನಾಡ_ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ, ಸಾಗರದ ಹತ್ತಿರ ಹಳ್ಳಿ ಮನೆ. ಎಡಗಾಲಿನ ಮಂಡಿ ಸವೆದಿದೆ. ಆಪರೇಷನ್ ಈಗಲೇ ಬೇಡ, ತೂಕ ನೋಡಿಕೊಳ್ಳಿ, ಕೋಲು ಹಿಡಿದು ನಡೆಯಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಅಣ್ಣ ಊರಿನ ಮೆಡಿಕಲ್ ಶಾಪಿನಿಂದ ಒಂದು ಅಲ್ಯೂಮಿನಿಯಂ ಸ್ಟಿಕ್ ತಂದುಕೊಟ್ಟಿದ್ದಾನೆ. ಕೊಡೆಯ ಹಿಡಿಕೆಯ ಥರ ಬಾಗಿರುತ್ತದಲ್ಲ, ಆ ಹಳೇ ಮಾದರಿ.

ತೊಂದರೆ ಇರುವುದು ಕೈಯಲ್ಲಿ. ಕೆಲವು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಅಮ್ಮನ ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿದೆ, ಅಡುಗೆ ಕೆಲಸಕ್ಕೆಲ್ಲ ಏನೂ ತೊಂದರೆ ಇಲ್ಲ. ಆದರೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ದಾರಿ ಪೂರ್ತಿ ಸಿಮೆಂಟ್ ರಸ್ತೆ. ಕೋಲು ಊರಿದಾಗಲೆಲ್ಲ ಕೈಗೆ ಜುಮ್ ಅನ್ನುತ್ತದೆ ಅನ್ನುತ್ತಾಳೆ. ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ನೋವು. ಹೀಗಾದರೆ ಕೋಲನ್ನೇ ಬಿಟ್ಟುಬಿಡುತ್ತಾಳೆ ಅಂತ ನನಗೆ ಭಯ, ಯಾಕೆಂದರೆ ಮೊದಲೇ ಕೋಲು ಹಿಡಿಯಲು ಮನಸ್ಸಿರಲಿಲ್ಲ, ಎಷ್ಟೋ ಹೇಳಿ ಒಪ್ಪಿಸಿದ್ದು.

ಆನ್‌ಲೈನಿನಲ್ಲಿ ಹುಡುಕಿದರೆ ಶಾಕ್ ಅಬ್ಸಾರ್ಬರ್ ಇರುವ ಸ್ಟಿಕ್ ಅಂತ ಬೇಕಾದಷ್ಟು ಬರುತ್ತಿವೆ. ಕೆಲವು ಮಾಮೂಲಿ ಊರುಗೋಲು, ಒಳಗೆ ಸ್ಪ್ರಿಂಗ್. ಕೆಲವು ಟ್ರೆಕ್ಕಿಂಗ್ ಪೋಲ್. ಕೆಲವಕ್ಕೆ ಟಾರ್ಚು, ಅಲಾರಂ ಎಲ್ಲ ಇದೆ. ಅಣ್ಣ ನಾಲ್ಕು ಕಾಲಿನದ್ದು ತಗೊಳ್ಳೋಣ, ಅದೇ ಗಟ್ಟಿ ಅನ್ನುತ್ತಾನೆ. ಬಜೆಟ್ ಸಾವಿರದ ಒಳಗೆ. ಈ ಸ್ಪ್ರಿಂಗಿನಿಂದ ನಿಜಕ್ಕೂ ಉಪಯೋಗ ಇದೆಯಾ ಅಥವಾ ಸುಮ್ನೆ ಮಾರುವವರ ಮಾತಾ? ದಿನಾ ಬಳಸುವವರು ದಯವಿಟ್ಟು ಹೇಳಿ.

ಫಿಸಿಯೋ_ಹುಬ್ಬಳ್ಳಿ

ಮೇಡಂ, ನಾನು ಫಿಸಿಯೋಥೆರಪಿಸ್ಟ್. ಕೈ ನೋಡದೆ ಪೂರ್ತಿ ಹೇಳಲಾಗುವುದಿಲ್ಲ, ಆದರೂ ನೀವು ಬರೆದಿರುವುದರಿಂದ ಕೆಲವು ಮಾತು ಹೇಳಬಹುದು.

ಸ್ಪ್ರಿಂಗಿನಿಂದ ಉಪಯೋಗ ಇದೆ, ಆದರೆ ಮಂಡಿಗೆ ಅಲ್ಲ, ಕೈಗೆ. ಮಂಡಿಗೆ ಆರಾಮ ಸಿಗುವುದು ಕೋಲಿನಿಂದಲೇ. ಸಾದಾ ಕೋಲಾದರೂ ಅಷ್ಟೇ ಭಾರ ಹೊರುತ್ತದೆ. ಗಟ್ಟಿ ನೆಲಕ್ಕೆ ತುದಿ ಬಡಿದಾಗ ಆ ಹೊಡೆತ ಒಂದೇ ಏಟಿಗೆ ಮಣಿಕಟ್ಟಿಗೆ ಬರುತ್ತದಲ್ಲ, ಸ್ಪ್ರಿಂಗ್ ಅದನ್ನು ಸ್ವಲ್ಪ ಹೊತ್ತಿಗೆ ಹಂಚಿಬಿಡುತ್ತದೆ. ಅಮ್ಮ ಕೋಲಿನ ಮೇಲೆ ಹಾಕುವ ಭಾರ ಕಡಿಮೆ ಆಗುವುದಿಲ್ಲ, ಏಟು ಮೆತ್ತಗಾಗುತ್ತದೆ. ಹಳೇ ಮುರಿತ ಇರುವ ಕೈಗೆ ಅದು ಬೇಕಾದದ್ದೇ. ಹಾಗಾಗಿ ನೀವು ಸ್ಪ್ರಿಂಗ್ ಹುಡುಕುತ್ತಿರುವುದು ಸರಿ. ಆದರೆ ಅದಕ್ಕೆ ದುಡ್ಡು ಹಾಕುವ ಮೊದಲು ಇನ್ನೂ ಮೂರು ಸಂಗತಿ ನೋಡಿ, ಎಷ್ಟೋ ಜನಕ್ಕೆ ಕೈ ನೋವು ಅಲ್ಲೇ ಇಳಿದುಹೋಗುತ್ತದೆ.

ಮೊದಲು ಎತ್ತರ. ಅಮ್ಮ ದಿನಾ ಹಾಕುವ ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಲ್ಲಲಿ, ಎರಡೂ ಕೈ ಸಡಿಲ ಬಿಡಲಿ. ನೆಲದಿಂದ ಮಣಿಕಟ್ಟಿನ ಒಳಗಿನ ಗೆರೆವರೆಗೆ ಟೇಪ್ ಹಿಡಿದು ಅಳೆಯಿರಿ. ಹಿಡಿಕೆಯ ಮೇಲ್ಭಾಗ ಅಲ್ಲಿಗೆ ಬರಬೇಕು. ಆಗ ಹಿಡಿಕೆ ಹಿಡಿದರೆ ಮೊಣಕೈ 15ರಿಂದ 20 ಡಿಗ್ರಿ ಮಡಿಚಿರುತ್ತದೆ. ನಮ್ಮಲ್ಲಿ ಹೆಚ್ಚಿನವರ ಕೋಲು ಇದಕ್ಕಿಂತ ಎತ್ತರ ಇರುತ್ತದೆ. ಎತ್ತರವಾದರೆ ಭುಜ ಮೇಲೇಳುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಹೊಡೆತ ಎಲ್ಲ ಅಲ್ಲಿಗೇ.

ಎರಡನೆಯದು ಹಿಡಿಕೆ. ಕೊಡೆ ಹಿಡಿಕೆಯನ್ನು ದಿನಪೂರ್ತಿ ಊರುವವರಿಗೆ ನಾನು ಹೇಳುವುದೇ ಇಲ್ಲ. ಅಂಗೈ ಕೂರುವ ಜಾಗ ಕೋಲಿನ ನೇರಕ್ಕೆ ಬರುವುದಿಲ್ಲ, ಗುಂಡಗೆ ಸಣ್ಣಗೆ ಇರುತ್ತದೆ, ಬೆರಳಲ್ಲಿ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಹೆಬ್ಬೆರಳಿನ ಬುಡ ನೋಯುತ್ತದೆ ಅಂದರಲ್ಲ, ನನಗೆ ಮೊದಲು ಅನುಮಾನ ಬಂದದ್ದೇ ಇದರ ಮೇಲೆ. ಅಗಲ, ಚಪ್ಪಟೆ, ಸ್ವಲ್ಪ ಮೆತ್ತಗಿನ ಹಿಡಿಕೆ ಇರಲಿ. ಮೇಲೆ ಕತ್ತು ಬಾಗಿಸಿದ ಹಾಗೆ ಇರುವ ಮಾದರಿ ಸಿಗುತ್ತದೆ, ಅದರಲ್ಲಿ ಹಿಡಿಕೆ ಸರಿಯಾಗಿ ಕೋಲಿನ ನೇರಕ್ಕೇ ಬರುತ್ತದೆ. ನಿಮ್ಮಮ್ಮನಿಗೆ ಅದು ಒಳ್ಳೆಯದು. ಅಂಗೈ ಆಕಾರದಲ್ಲಿ ಮಾಡಿದ ಹಿಡಿಕೆಯೂ ಇದೆ, ಅದರಲ್ಲಿ ಎಡಗೈಯದ್ದು ಬಲಗೈಯದ್ದು ಬೇರೆ ಬೇರೆ, ನೋಡಿ ತಗೊಳ್ಳಬೇಕು.

ಮೂರನೆಯದು ಕೆಳಗಿನ ರಬ್ಬರ್ ಬುಷ್. ಸವೆದು ಗಟ್ಟಿಯಾಗಿದ್ದರೆ ಅದೇ ಅರ್ಧ ಕಾರಣ.

ನಾಲ್ಕು ಕಾಲಿನದ್ದು ಬೇಡ. ಅದು ಪಾರ್ಶ್ವವಾಯು ಆದವರಿಗೆ, ನಿಂತಲ್ಲೇ ವಾಲುವವರಿಗೆ. ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ಕೂತರೆ ಮಾತ್ರ ಗಟ್ಟಿ. ಹಳ್ಳಿ ಅಂಗಳದಲ್ಲಿ ಮೂರು ಕೂತು ಒಂದು ಮೇಲೇ ಉಳಿಯುತ್ತದೆ, ಕುಲುಕಾಡುತ್ತದೆ. ಬೇಗ ನಡೆಯುವವರ ಕಾಲಿಗೂ ತಾಗುತ್ತದೆ. ಟಾರ್ಚು ಅಲಾರಂ ಇದ್ದರೆ ಭಾರ ಜಾಸ್ತಿ, ಅಷ್ಟೇ.

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅಮ್ಮನಿಗೆ ತಲೆ ಸುತ್ತುವುದು, ಓಲಾಡುವುದು ಏನಾದರೂ ಇದೆಯಾ? ಇದ್ದರೆ ಸ್ಪ್ರಿಂಗ್ ಬೇಡವೇ ಬೇಡ. ಕೋಲು ಕೆಳಗೆ ಕುಸಿದ ಹಾಗಾದರೆ ಅವರಿಗೆ ಧೈರ್ಯ ಹೋಗುತ್ತದೆ.

ಬಸವನಗುಡಿ_ಬೀದಿ

ಫಿಸಿಯೋ ಸರ್ ಹೇಳಿದ್ದಕ್ಕೆ ಬಳಸುವವನ ಅನುಭವ ಸೇರಿಸುತ್ತೇನೆ. ಸೊಂಟದ ಆಪರೇಷನ್ ಆದಮೇಲೆ ನಾನು ದಿನಾ ಕೋಲು ಹಿಡಿಯುವವನು. ಬೆಂಗಳೂರಿನ ಫುಟ್‌ಪಾತ್ ಕಲ್ಲುಗಳ ಮೇಲೆ ನಡೆಯುವವರಿಗೆ ಕೈಗೆ ಬರುವ ಹೊಡೆತ ಏನು ಅಂತ ಹೇಳಬೇಕಾಗಿಲ್ಲ.

ಆನ್‌ಲೈನಿನಲ್ಲಿ ಮೊದಲು ತರಿಸಿದ ಸ್ಪ್ರಿಂಗ್ ಸ್ಟಿಕ್ ನನಗೆ ಸರಿಬರಲಿಲ್ಲ. ಕಂಪನಿ ಹೆಸರು ಬೇಡ. ಸ್ಪ್ರಿಂಗ್ ಬಹಳ ಮೆತ್ತಗೆ, ನನ್ನ ಭಾರಕ್ಕೆ ತಳ ಮುಟ್ಟಿ ಟಕ್ ಅನ್ನುತ್ತಿತ್ತು, ಅಂದರೆ ಏಟು ಮತ್ತೆ ಕೈಗೇ. ಸ್ವಲ್ಪ ದಿನಕ್ಕೆ ಎತ್ತರ ಹೊಂದಿಸುವ ಬಟನ್ನಿನ ತೂತು ಅಗಲವಾಗಿ ಲಟಲಟ ಸದ್ದು ಶುರುವಾಯಿತು. ಆಮೇಲೆ ಸರ್ಜಿಕಲ್ ಅಂಗಡಿಗೇ ಹೋಗಿ, ನಾಲ್ಕಾರು ಕೋಲು ಊರಿ ನೋಡಿ ತಗೊಂಡೆ. ಅದು ಈಗಲೂ ಇದೆ, ಸುಮಾರು ಎಂಟುನೂರು ರೂಪಾಯಿ ಬಿತ್ತು.

ಅಂಗಡಿಯಲ್ಲಿ ನೋಡುವುದು ಹೀಗೆ. ಕೋಲನ್ನು ನೆಟ್ಟಗೆ ಹಿಡಿದು, ನಡೆಯುವಾಗ ಎಷ್ಟು ಭಾರ ಹಾಕುತ್ತೀರೋ ಅಷ್ಟೇ ಹಾಕಿ ಒತ್ತಿ. ಸ್ವಲ್ಪ ಇಳಿಯಬೇಕು, ಒಂದು ಸೆಂಟಿಮೀಟರಿನ ಆಸುಪಾಸು. ಒಂಚೂರೂ ಇಳಿಯದಿದ್ದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಗಟ್ಟಿ, ದುಡ್ಡು ದಂಡ. ತೆಳ್ಳಗಿನ ಅಮ್ಮಂದಿರಿಗೆ ಹೀಗೇ ಆಗುತ್ತದೆ. ಪೂರ್ತಿ ಇಳಿದು ತಳಕ್ಕೆ ಬಡಿದರೆ ಮೆತ್ತಗಾಯಿತು. ಕೈ ಸಡಿಲಿಸಿದಾಗ ನಿಧಾನಕ್ಕೆ ಮೇಲೆ ಬರಬೇಕು, ಪುಟಿದು ಕೈಯನ್ನು ಎಸೆಯಬಾರದು. ಆಮೇಲೆ ಕೋಲನ್ನು ಎತ್ತಿ ಅಲ್ಲಾಡಿಸಿ. ಹೊಸದರಲ್ಲೇ ಗಡಗಡ ಅಂದರೆ ವಾಪಸ್ ಇಟ್ಟುಬಿಡಿ. ಬಟನ್ ಜೊತೆಗೆ ತಿರುಗಿಸಿ ಬಿಗಿ ಮಾಡುವ ಪ್ಲಾಸ್ಟಿಕ್ ಬಳೆ ಇದ್ದರೆ ಒಳ್ಳೆಯದು, ಸದ್ದು ಬರುವುದಿಲ್ಲ, ತೂತೂ ಸವೆಯುವುದಿಲ್ಲ.

ಸ್ಪ್ರಿಂಗ್ ಸ್ಟಿಕ್ಕಿನ ಎತ್ತರ ಅಳೆಯುವಾಗ ಭಾರ ಹಾಕಿ ಒತ್ತಿಕೊಂಡೇ ಅಳೆಯಬೇಕು. ಖಾಲಿ ನಿಲ್ಲಿಸಿ ಅಳೆದರೆ ನಡೆಯುವಾಗ ಗಿಡ್ಡ ಆಗುತ್ತದೆ.

ರಬ್ಬರ್ ಬಗ್ಗೆ ಹೇಳಲೇಬೇಕು, ಇದನ್ನು ಯಾರೂ ಗಮನಿಸುವುದಿಲ್ಲ. ಬುಷ್ ಕೊಳ್ಳುವಾಗ ಕೋಲಿನ ದಪ್ಪ ಗೊತ್ತಿರಬೇಕು, ಸಾಮಾನ್ಯವಾಗಿ 16, 19, 22 ಮಿಲಿಮೀಟರಿನವು ಸಿಗುತ್ತವೆ. ಹಳೇ ಬುಷ್ಷನ್ನೇ ಅಂಗಡಿಗೆ ತಗೊಂಡು ಹೋಗಿ. ಒಳಗೆ ಕಬ್ಬಿಣದ ವಾಷರ್ ಇದೆಯಾ ಅಂತ ಬೆರಳು ಹಾಕಿ ನೋಡಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಕೊಳವೆ ರಬ್ಬರನ್ನು ಕೊರೆದುಕೊಂಡು ಕೆಳಗೆ ಬಂದುಬಿಡುತ್ತದೆ, ಟೈಲ್ಸ್ ಮೇಲೆ ಜಾರುತ್ತದೆ. ತಳ ಅಗಲ ಇರಲಿ, ಗೆರೆ ಗೆರೆ ಇರಲಿ. ಗೆರೆ ಅಳಿಸಿದ ದಿನವೇ ಬದಲಿಸಿ. ನೂರು ರೂಪಾಯಿ ಒಳಗೆ ಬರುವ ಸಾಮಾನು ಇದು.

ಹಿಡಿಕೆ ಸಣ್ಣದಿದ್ದರೆ ಇನ್ನೊಂದು ಉಪಾಯ ಇದೆ. ಕ್ರಿಕೆಟ್ ಬ್ಯಾಟಿಗೆ ಹಾಕುವ ರಬ್ಬರ್ ಗ್ರಿಪ್ ಕತ್ತರಿಸಿ ಹಿಡಿಕೆಗೆ ಏರಿಸಬಹುದು. ದಪ್ಪವೂ ಆಗುತ್ತದೆ, ಬೆವರಿಗೆ ಜಾರುವುದೂ ಇಲ್ಲ.

ಕಾಫಿ_ಕಣಿವೆ

ಟ್ರೆಕ್ಕಿಂಗ್ ಪೋಲನ್ನು ಯಾರೂ ವಿಚಾರಿಸಲೇ ಇಲ್ಲವಲ್ಲ. ಮೂಡಿಗೆರೆ ಕಡೆ ತೋಟದಲ್ಲಿ ನಾನು ದಿನಾ ಅದನ್ನೇ ಬಳಸುತ್ತೇನೆ, ಎರಡು ಕೈಗೂ ಒಂದೊಂದು. ಇಳಿಜಾರಿನಲ್ಲಿ ಮಂಡಿಗೆ ಎಷ್ಟು ಹಗುರ ಅಂದರೆ ಈಗ ಅದಿಲ್ಲದೆ ಇಳಿಯಲು ಮನಸ್ಸೇ ಬರುವುದಿಲ್ಲ. ಸ್ಪ್ರಿಂಗ್ ಇರುವುದು ಸಾವಿರದ ಒಳಗೆ ಸಿಗುತ್ತದೆ. ಕೆಲವದರಲ್ಲಿ ತಿರುಗಿಸಿದರೆ ಸ್ಪ್ರಿಂಗ್ ಲಾಕ್ ಆಗುತ್ತದೆ, ಹತ್ತುವಾಗ ಲಾಕ್, ಇಳಿಯುವಾಗ ಬಿಡುವುದು.

ಆದರೆ ಮಣ್ಣಿಗೆ ಇರುವ ಚೂಪು ತುದಿ ಸಿಮೆಂಟಿನ ಮೇಲೆ, ಕಡಪ ಕಲ್ಲಿನ ಮೇಲೆ ಜಾರುತ್ತದೆ. ಅದಕ್ಕೆ ರಬ್ಬರ್ ಟೋಪಿ ಸಿಗುತ್ತದೆ, ಹಾಕಲೇಬೇಕು. ತಿರುಗಿಸಿ ಬಿಗಿ ಮಾಡುವ ಮಾದರಿಗಿಂತ ಕ್ಲಿಪ್ ಒತ್ತಿ ಬಿಗಿ ಮಾಡುವುದು ವಾಸಿ, ಮೊದಲನೆಯದು ಭಾರ ಹಾಕಿದಾಗ ಒಳಗೆ ಜಾರಿಬಿಡಬಹುದು.

ಫಿಸಿಯೋ_ಹುಬ್ಬಳ್ಳಿ

@ಕಾಫಿ_ಕಣಿವೆ ಅಣ್ಣಾ, ನಿಮಗೆ ಅದು ಸರಿ. ನೀವು ಎರಡು ಹಿಡಿಯುತ್ತೀರಿ, ಇಳಿಜಾರಿನಲ್ಲಿ ನಡೆಯುತ್ತೀರಿ, ಕೈ ಗಟ್ಟಿ ಇದೆ. ಈ ಅಮ್ಮನಿಗೆ ನಾನು ಹೇಳುವುದಿಲ್ಲ. ಪೋಲಿನ ಹಿಡಿಕೆ ನಿಂತಿರುತ್ತದೆ, ಅಂಗೈ ಊರಲು ಜಾಗ ಇಲ್ಲ. ಭಾರ ಹಾಕಬೇಕೆಂದರೆ ಮುಷ್ಟಿ ಬಿಗಿ ಹಿಡಿಯಬೇಕು ಇಲ್ಲವೇ ಮಣಿಕಟ್ಟಿನ ಪಟ್ಟಿಯ ಮೇಲೆ ನೇತುಬೀಳಬೇಕು. ಮುರಿದು ಕೂಡಿದ ಮಣಿಕಟ್ಟಿಗೆ ಎರಡೂ ಒಳ್ಳೆಯದಲ್ಲ. ಮೇಲೆ ಅಡ್ಡ ಹಿಡಿಕೆ ಇರುವ ಪೋಲ್‌ಗಳೂ ಬರುತ್ತವೆ, ಅದಾದರೆ ನೋಡಬಹುದು.

ತುಂಗಭದ್ರಾ_ದಡ

ದುಡ್ಡಿನ ಬಗ್ಗೆ ಒಂದು ಮಾತು, ಇದು ಪ್ರಶ್ನೆ ಕೇಳಿದವರಿಗಿಂತ ಓದುವ ಬೇರೆಯವರಿಗೆ ಉಪಯೋಗಕ್ಕೆ ಬರಬಹುದು. ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಅಂತ 2017ರಿಂದ ಇದೆ. 60 ದಾಟಿದ ಬಿಪಿಎಲ್ ಹಿರಿಯರಿಗೆ, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿ ದಾಟದವರಿಗೆ ವಾಕಿಂಗ್ ಸ್ಟಿಕ್, ವಾಕರ್, ಕನ್ನಡಕ, ಕಿವಿ ಯಂತ್ರ ಇಂಥವು ಉಚಿತ. ತಯಾರಿಸುವುದು ಕಾನ್ಪುರದ ಅಲಿಂಕೋ, ಸರ್ಕಾರಿ ಸಂಸ್ಥೆ. ಕ್ಯಾಂಪ್ ಮಾಡಿ ಅಳತೆ ನೋಡಿ, ಆಮೇಲೆ ಹಂಚುತ್ತಾರೆ, ಹಾಗಾಗಿ ಇವತ್ತು ಕೇಳಿದರೆ ನಾಳೆ ಸಿಗುವುದಿಲ್ಲ. ಜಿಲ್ಲೆಯಲ್ಲಿರುವ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567, ಅಲ್ಲೂ ಕೇಳಬಹುದು.

ಮನೆಯಲ್ಲಿ ಇನ್ನೊಂದು ಕೋಲು ಇರುವುದು ಒಳ್ಳೆಯದೇ. ಒಂದು ಒಳಗೆ, ಒಂದು ಹೊರಗೆ. ಸಗಣಿ ಗಂಜಲ ತುಳಿದ ಕೋಲನ್ನು ದೇವರ ಮನೆ ಕಡೆ ತರುವುದಿಲ್ಲ ಅಂತ ನನ್ನ ಅತ್ತೆ ಕೊಟ್ಟಿಗೆಯಲ್ಲೇ ಬಿಟ್ಟು, ಒಳಗೆ ಗೋಡೆ ಹಿಡಿದು ನಡೆಯುತ್ತಿದ್ದರು. ಎರಡು ಕೊಡಿಸಿದ ಮೇಲೆ ಆ ಚಿಂತೆ ಹೋಯಿತು.

ಮಲೆನಾಡ_ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಫಿಸಿಯೋ ಸರ್, ತಲೆ ಸುತ್ತು ಓಲಾಟ ಏನೂ ಇಲ್ಲ. ಅಣ್ಣನಿಗೆ ಫೋನ್ ಮಾಡಿ ನಿನ್ನೆಯೇ ಅಳೆಸಿದೆ. ನೆಲದಿಂದ ಮಣಿಕಟ್ಟಿನ ಗೆರೆಗೆ 79 ಸೆಂಟಿಮೀಟರ್. ಈಗಿನ ಕೋಲು 86! ಅಂಗಡಿಯಲ್ಲಿ ಕೊಟ್ಟ ಹಾಗೇ ಇಷ್ಟು ದಿನ ಹಿಡಿದಿದ್ದಾಳೆ, ಬಟನ್ ಒತ್ತಿದರೆ ಇಳಿಯುತ್ತದೆ ಅಂತ ಅಲ್ಲಿ ಯಾರೂ ಹೇಳಿಲ್ಲ. ತೂತುಗಳ ನಡುವೆ ಎರಡೂವರೆ ಸೆಂಟಿಮೀಟರ್ ಇದೆ, ಮೂರು ತೂತು ಇಳಿಸಿದ ಮೇಲೆ 78.5ಕ್ಕೆ ಬಂತು. ಕೆಳಗಿನ ರಬ್ಬರ್ ಒಂದು ಬದಿ ಪೂರ್ತಿ ಸವೆದು ನುಣ್ಣಗಾಗಿದೆಯಂತೆ. ಫೋಟೋ ನೋಡಿ ನನಗೆ ಹೆದರಿಕೆಯೇ ಆಯಿತು.

ಇನ್ನೂ ಎರಡು ಪ್ರಶ್ನೆ. ನಮ್ಮ ಜಗಲಿಗೆ ನಾಲ್ಕು ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಅಲ್ಲಿ ಕೋಲು ಹೇಗೆ ಊರಬೇಕು? ಮತ್ತೆ ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ. ಅದಕ್ಕೆ ಆಗುವಂಥ ರಬ್ಬರ್ ಯಾವುದಾದರೂ ಇದೆಯಾ?

ಫಿಸಿಯೋ_ಹುಬ್ಬಳ್ಳಿ

7 ಸೆಂಟಿಮೀಟರ್ ಅಂದರೆ ಬಹಳವೇ ಆಯಿತು ಮೇಡಂ. ಇಳಿಸಿದ ಕೋಲಿನಲ್ಲಿ, ಹೊಸ ರಬ್ಬರ್ ಹಾಕಿ, ಒಂದೆರಡು ವಾರ ನಡೆಯಲಿ. ಮೊದಮೊದಲು ಗಿಡ್ಡ ಆಯಿತು ಅನ್ನುತ್ತಾರೆ, ರೂಢಿ ಆಗುತ್ತದೆ. ಆಮೇಲೂ ಕೈ ನೋಯುತ್ತಿದ್ದರೆ ಅಗಲ ಹಿಡಿಕೆಯ ಸ್ಪ್ರಿಂಗ್ ಕೋಲು ತಗೊಳ್ಳಿ. ನೋವು ಜಾಸ್ತಿ ಆದರೆ, ಬೆರಳು ಜೋಮು ಹಿಡಿದರೆ ಕೋಲಿನ ಮೇಲೆ ತಪ್ಪು ಹಾಕಿ ಕೂರಬೇಡಿ, ಮೂಳೆ ಡಾಕ್ಟರಿಗೆ ಕೈ ತೋರಿಸಿ.

ಕೋಲು ಬಲಗೈಯಲ್ಲೇ ಇರಲಿ. ನೋವು ಎಡಮಂಡಿಗೆ, ಕೋಲು ಎದುರು ಕೈಗೆ. ಎಡಗಾಲು ಮತ್ತು ಕೋಲು ಒಟ್ಟಿಗೆ ಮುಂದೆ ಹೋಗಬೇಕು, ಆಮೇಲೆ ಬಲಗಾಲು. ಕೈ ನೋವು ಅಂತ ಎಡಗೈಗೆ ಬದಲಿಸಿದರೆ ಮಂಡಿಗೆ ಸಿಗುವ ಆಸರೆ ಕಡಿಮೆ ಆಗುತ್ತದೆ, ನಡಿಗೆಯೂ ವಾಲುತ್ತದೆ. ಇದನ್ನು ಅವರಿಗೆ ಬಿಡಿಸಿ ಹೇಳಿ.

ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೆಯ ಕಾಲು, ಅಂದರೆ ಬಲಗಾಲು ಮೇಲೆ. ಆಮೇಲೆ ಎಡಗಾಲು ಮತ್ತು ಕೋಲು. ಇಳಿಯುವಾಗ ಮೊದಲು ಕೋಲು ಮತ್ತು ಎಡಗಾಲು ಕೆಳಗೆ, ಆಮೇಲೆ ಬಲಗಾಲು. ಒಂದೊಂದು ಮೆಟ್ಟಿಲಲ್ಲೂ ಎರಡೂ ಕಾಲು ಕೂಡಿಸಿ ನಿಲ್ಲಲಿ, ಅವಸರ ಬೇಡ. ನಾಲ್ಕು ಮೆಟ್ಟಿಲಾದರೂ ಪಕ್ಕದಲ್ಲಿ ಒಂದು ಜಿಐ ಪೈಪ್ ಹಾಕಿಸಿಬಿಡಿ. ಬಚ್ಚಲಲ್ಲೂ ಗೋಡೆಗೆ ಹಿಡಿಕೆ ಹಾಕಿಸಿ. ಕೂತಲ್ಲಿಂದ ಏಳುವುದಕ್ಕೆ ಕೋಲು ಊರುವುದು ಅಪಾಯ, ಅದರಲ್ಲೂ ಸ್ಪ್ರಿಂಗ್ ಇರುವುದು.

ಸೋಗೆ_ಮನೆ

ನಾನೂ ನಿಮ್ಮ ಕಡೆಯವನೇ ಅಕ್ಕ, ಸಿದ್ದಾಪುರ. ಪಾಚಿಗೆ ಆಗುವ ರಬ್ಬರ್ ಯಾವುದೂ ಇಲ್ಲ. ಎಷ್ಟು ಒಳ್ಳೆಯ ಬುಷ್ ಇದ್ದರೂ ಪಾಚಿಯ ಮೇಲೆ ಪಾಚಿಯೇ ಜಾರುತ್ತದೆ, ರಬ್ಬರ್ ಕಲ್ಲನ್ನು ಮುಟ್ಟುವುದೇ ಇಲ್ಲ. ಅಮ್ಮ ಓಡಾಡುವ ದಾರಿಯನ್ನಷ್ಟೇ ಪಾಚಿ ಇಲ್ಲದ ಹಾಗೆ ಇಟ್ಟುಕೊಳ್ಳಬೇಕು, ಇಡೀ ಅಂಗಳ ಬೇಡ. ಜಗಲಿಯಿಂದ ಅಂಗಳದ ಗೇಟು ಅಂದರೆ ದಣಪೆವರೆಗೆ, ಜಗಲಿಯಿಂದ ಕೊಟ್ಟಿಗೆವರೆಗೆ, ಇಬ್ಬರು ನಡೆಯುವಷ್ಟು ಅಗಲ. ಮಳೆ ಹಿಡಿಯುವ ಮುಂಚೆಯೇ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಬೇಕು, ಮಳೆ ಬಿಟ್ಟಾಗ ಮತ್ತೊಮ್ಮೆ. ಪೌಡರ್ ಹಾಕಿದ ಮೇಲೆ ನೀರು ಹೊಡೆದು ತೊಳೆಯುವವರೆಗೆ ಅಮ್ಮ ಅಲ್ಲಿ ಕಾಲಿಡುವುದು ಬೇಡ.

ಅಂಗಳಕ್ಕೆ ಸೋಗೆ ಹಾಸುತ್ತೀರಾದರೆ ಆ ದಾರಿಗೆ ಹಾಸಬೇಡಿ. ಕಾಲಿಗೆ ಅದು ಸರಿ, ಆದರೆ ಕೋಲಿನ ತುದಿ ಸೋಗೆ ಗರಿಗಳ ಸಂದಿಗೆ ಸಿಕ್ಕಿಕೊಂಡು ಎಳೆಯುತ್ತದೆ. ಅಡಿಕೆ ಮರ ಸೀಳಿದ ದಬ್ಬೆ ಒದ್ದೆ ಇದ್ದರೆ ಅದರ ಮೇಲೂ ಕೋಲು ಊರಿಸಬೇಡಿ, ಗುಂಡಗಿನ ಬೆನ್ನಿನ ಮೇಲೆ ಜಾರಿ ಸಂದಿಗೆ ಇಳಿಯುತ್ತದೆ. ತೋಟಕ್ಕೆ ಹೋಗುವ ಸಾರ, ಅಂದರೆ ಕಾಲುಸಂಕ, ದಾಟುವಾಗ ಯಾರಾದರೂ ಕೈ ಹಿಡಿಯಲಿ. ಡೈರಿ ದಾರಿಯಲ್ಲಿ ಕೆಸರು ತುಂಬಿಕೊಂಡರೆ ಬುಷ್ಷಿನ ಗೆರೆ ಮುಚ್ಚಿಹೋಗುತ್ತದೆ, ಮನೆಗೆ ಬಂದ ಕೂಡಲೇ ಬಚ್ಚಲಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿಬಿಡಿ. ಒದ್ದೆ ಬುಷ್ಷಿನಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ನಡೆಯುವುದು ಅಂಗಳಕ್ಕಿಂತ ಜಾಸ್ತಿ ಅಪಾಯ.

ಮಲೆನಾಡ_ಮಗಳು

ಕೆಂಪು ನೆಲದ ಮಾತು ನನಗೆ ಹೊಳೆದೇ ಇರಲಿಲ್ಲ, ನಮ್ಮದೂ ಅದೇ. ಬಚ್ಚಲಿಗೂ ಜಗಲಿಗೂ ಪೈಪ್ ಹಾಕಿಸಲು ಅಣ್ಣನಿಗೆ ಹೇಳಿದ್ದೇನೆ, ಒಪ್ಪಿದ್ದಾನೆ. ರಬ್ಬರ್ ನಾಳೆ ಸಾಗರದಲ್ಲಿ ತರುತ್ತಾನೆ. ಸ್ಪ್ರಿಂಗಿನದ್ದು ಆನ್‌ಲೈನ್ ಬೇಡ ಅಂತ ತೀರ್ಮಾನ ಮಾಡಿದೆ. ಮುಂದಿನ ತಿಂಗಳು ಕಣ್ಣು ತೋರಿಸಲು ಅಮ್ಮ ಶಿವಮೊಗ್ಗಕ್ಕೆ ಹೋಗುವುದಿದೆ, ಆಗ ಅವಳೇ ಒತ್ತಿ ನೋಡಲಿ. ಎಲ್ಲಿ ಸಿಗಬಹುದು?

ಬಸವನಗುಡಿ_ಬೀದಿ

ಮೆಗ್ಗಾನ್ ಆಸ್ಪತ್ರೆಯ ಸುತ್ತಮುತ್ತ ಸರ್ಜಿಕಲ್ ಅಂಗಡಿ ಕೇಳಿ, ದೊಡ್ಡ ಆಸ್ಪತ್ರೆ ಇರುವ ಕಡೆಯೇ ಇವು ಸಿಗುವುದು. ಸ್ಪ್ರಿಂಗಿನದ್ದು ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ, ಅಣ್ಣ ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಅಮ್ಮ ಅಂಗಡಿ ಅಂಗಡಿ ತಿರುಗುವುದು ತಪ್ಪುತ್ತದೆ. ಬಸ್ಸಿನ ಓಡಾಟ ಜಾಸ್ತಿ ಅಂತ ಮಡಚುವ ಕೋಲು ತೋರಿಸಿದರೆ ಬೇಡ ಅನ್ನಿ, ದಿನಾ ಭಾರ ಹಾಕಿದರೆ ಕೀಲುಗಳು ಸಡಿಲವಾಗುತ್ತವೆ. ಅತಿ ಕೆಳಗಿನ ತೂತಿಗೆ ಹಾಕಿದಾಗ 79ಕ್ಕೆ ಇಳಿಯುತ್ತದಾ ಅಂತ ಅಲ್ಲೇ ನೋಡಿಕೊಳ್ಳಿ, ಕೆಲವು ಕೋಲು ಎತ್ತರದ ಗಂಡಸರಿಗೇ ಮಾಡಿದ ಹಾಗಿರುತ್ತವೆ, ಅಷ್ಟು ಕೆಳಗೆ ಬರುವುದೇ ಇಲ್ಲ. ಬಿಲ್ ಹಾಕಿಸಿಕೊಳ್ಳಿ, ಅದಕ್ಕೆ ಹೊಂದುವ ಇನ್ನೆರಡು ಬುಷ್ ಅಲ್ಲೇ ತಗೊಂಡುಬಿಡಿ. ಅಮ್ಮ ಡೈರಿಗೆ ಹಾಕಿಕೊಂಡು ಹೋಗುವ ಚಪ್ಪಲಿಯಲ್ಲೇ ಬರಲಿ, ಊರಿಗೆ ಹೋಗುತ್ತೇನೆ ಅಂತ ಬೇರೆ ಚಪ್ಪಲಿ ಹಾಕಿಕೊಂಡರೆ ಅಳತೆ ತಪ್ಪುತ್ತದೆ.